ತಂತ್ರಾಂಶ ನಿರ್ವಹಣಾ ಒಪ್ಪಂದದ ವಿವಾದಗಳು: ವ್ಯಾಪಾರ ಸಂಸ್ಥೆಗಳಿಗೆ ಮಾಹಿತಿ

ಲೆಕ್ಕಪತ್ರ, ದಾಸ್ತಾನು, ವೇತನ ಮುಂತಾದ ಕಾರ್ಯಗಳಿಗೆ ಖರೀದಿಸಿದ ತಂತ್ರಾಂಶದ ದುರಸ್ತಿ ಹಾಗೂ ಪರಿಷ್ಕರಣೆಗಾಗಿ ವ್ಯಾಪಾರ ಸಂಸ್ಥೆಗಳು ಸರಬರಾಜುದಾರರೊಂದಿಗೆ ವಾರ್ಷಿಕ ನಿರ್ವಹಣಾ ಒಪ್ಪಂದ, ಅಂದರೆ ಎ.ಎಂ.ಸಿ. ಮಾಡಿಕೊಳ್ಳುತ್ತವೆ. ಸೇವೆಯಲ್ಲಿ ವಿಳಂಬ, ಅವಧಿಯ ಮಧ್ಯೆ ಶುಲ್ಕ ಏರಿಕೆ, ಒಪ್ಪಂದ ನವೀಕರಿಸದಿದ್ದಲ್ಲಿ ದತ್ತಾಂಶ ನೀಡಲು ನಿರಾಕರಣೆ ಇವು ಸಾಮಾನ್ಯವಾಗಿ ಉದ್ಭವಿಸುವ ವಿವಾದಗಳು. ಸೂಕ್ತವಲ್ಲದ ಕಡೆ ದೂರು ಸಲ್ಲಿಸಿದಲ್ಲಿ ಕಾಲ ಹಾಗೂ ಹಣ ವ್ಯರ್ಥವಾಗುವುದರಿಂದ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಗ್ರಾಹಕರ ಆಯೋಗಕ್ಕೆ ದೂರು

ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಪ್ರಕರಣ 2(7)ರಂತೆ ವಾಣಿಜ್ಯ ಉದ್ದೇಶಕ್ಕಾಗಿ ಸರಕು ಅಥವಾ ಸೇವೆ ಪಡೆದವರು ‘ಗ್ರಾಹಕ’ರಾಗುವುದಿಲ್ಲ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಖರೀದಿಸಿ ಬಳಸಿದ ಸರಕಿಗೆ ಮಾತ್ರ ವಿನಾಯಿತಿ ಇದೆ. ಕಂಪನಿಯೊಂದು ತನ್ನ ರಫ್ತು-ಆಮದು ದಾಖಲೆಗಳ ನಿರ್ವಹಣೆಗೆ ಖರೀದಿಸಿದ ತಂತ್ರಾಂಶವು ವಾಣಿಜ್ಯ ಉದ್ದೇಶದ್ದೇ ಎಂದು ಸರ್ವೋಚ್ಚ ನ್ಯಾಯಾಲಯವು ಪಾಲಿ ಮೆಡಿಕ್ಯೂರ್ ವಿರುದ್ಧ ಬ್ರಿಲಿಯೋ ಟೆಕ್ನಾಲಜೀಸ್ ಪ್ರಕರಣದಲ್ಲಿ 2025ರ ನವೆಂಬರ್‌ನಲ್ಲಿ ತೀರ್ಪು ನೀಡಿದೆ. ಸದರಿ ಪ್ರಕರಣವು 1986ರ ಹಿಂದಿನ ಅಧಿನಿಯಮದಡಿಯದ್ದಾಗಿದ್ದರೂ ವಾಣಿಜ್ಯ ಉದ್ದೇಶದ ಹೊರತುಪಡಿಕೆ ಎರಡರಲ್ಲಿಯೂ ಇದೆ.

2. ಶುಲ್ಕ ತಡೆಹಿಡಿಯುವ ಮುನ್ನ

ಸೇವೆ ತೃಪ್ತಿಕರವಾಗಿಲ್ಲವೆಂದು ಮೌನವಾಗಿ ಹಣ ತಡೆಹಿಡಿಯುವುದು ಸೂಕ್ತವಲ್ಲ. ಸರಬರಾಜುದಾರರು ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದಲ್ಲಿ 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಅಧಿನಿಯಮ ಅನ್ವಯವಾಗುತ್ತದೆ. ಸೇವೆ ಪಡೆದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದಲ್ಲಿ ಸೇವೆಯನ್ನು ಅಂಗೀಕರಿಸಿದಂತೆ ಭಾವಿಸಲಾಗುತ್ತದೆ. ಒಪ್ಪಂದದಲ್ಲಿ ಏನೇ ಇದ್ದರೂ ಅಂಗೀಕಾರದಿಂದ 45 ದಿನಗಳನ್ನು ಮೀರಿ ಪಾವತಿ ಅವಧಿ ಇರುವಂತಿಲ್ಲ. ತಡವಾದಲ್ಲಿ ಭಾರತೀಯ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ಮಾಸಿಕವಾಗಿ ಲೆಕ್ಕ ಹಾಕುವ ಚಕ್ರಬಡ್ಡಿ ತೆರಬೇಕಾಗುತ್ತದೆ.

3. ಪರಿಹಾರದ ಮಾರ್ಗಗಳು

ಅ) ಒಪ್ಪಂದದಲ್ಲಿ ಆರ್ಬಿಟ್ರೇಷನ್ ಷರತ್ತು ಇದ್ದಲ್ಲಿ, 1996ರ ಅಧಿನಿಯಮದ ಮೇರೆಗೆ ಅದೇ ಮಾರ್ಗ ಅನುಸರಿಸತಕ್ಕದ್ದು.

ಆ) ಷರತ್ತು ಇಲ್ಲದಿದ್ದಲ್ಲಿ, 3 ಲಕ್ಷ ರೂಪಾಯಿ ಹಾಗೂ ಮೇಲ್ಪಟ್ಟ ವಾಣಿಜ್ಯ ವಿವಾದಗಳನ್ನು 2015ರ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮದಡಿ ವಾಣಿಜ್ಯ ನ್ಯಾಯಾಲಯಕ್ಕೂ, ಅದಕ್ಕಿಂತ ಕಡಿಮೆ ಮೌಲ್ಯದವನ್ನು ಸಿವಿಲ್ ನ್ಯಾಯಾಲಯಕ್ಕೂ ಸಲ್ಲಿಸಬಹುದು.

ಇ) ವಾಣಿಜ್ಯ ನ್ಯಾಯಾಲಯದಲ್ಲಿ ದಾವೆ ಹೂಡುವ ಮುನ್ನ ಪ್ರಕರಣ 12-ಎ ಪ್ರಕಾರ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ ಪ್ರಯತ್ನಿಸುವುದು ಕಡ್ಡಾಯ. ಇದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ತಿಳಿಸಿದೆ. ದತ್ತಾಂಶ ಕೈತಪ್ಪುವ ಭೀತಿಯಂತಹ ಸಂದರ್ಭದಲ್ಲಿ ತುರ್ತು ಮಧ್ಯಂತರ ಪರಿಹಾರ ಕೋರುವ ದಾವೆಗೆ ಇದು ಅನ್ವಯಿಸುವುದಿಲ್ಲ.

4. ಕಾಲಮಿತಿ

ಒಪ್ಪಂದ ಉಲ್ಲಂಘನೆಯ ನಷ್ಟ ಪರಿಹಾರಕ್ಕೆ ಸಾಮಾನ್ಯವಾಗಿ ಉಲ್ಲಂಘನೆಯ ದಿನಾಂಕದಿಂದ 3 ವರ್ಷಗಳೊಳಗೆ ದಾವೆ ಹೂಡತಕ್ಕದ್ದು. ಪ್ರಕರಣ 12-ಎ ಅಡಿಯ ಮಧ್ಯಸ್ಥಿಕೆಯಲ್ಲಿ ಕಳೆದ ಅವಧಿಯನ್ನು ಇದರಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ಸರಬರಾಜುದಾರರೊಂದಿಗಿನ ಕೇವಲ ಪತ್ರ ವ್ಯವಹಾರ ಅಥವಾ ದೂರವಾಣಿ ಮಾತುಕತೆಯಿಂದ ಕಾಲಮಿತಿ ವಿಸ್ತರಣೆಯಾಗುವುದಿಲ್ಲ.

5. ಸಿದ್ಧವಿರಿಸಿಕೊಳ್ಳಬೇಕಾದ ದಾಖಲೆಗಳು

- ಸಹಿ ಮಾಡಿದ ಒಪ್ಪಂದ, ಪರವಾನಗಿ ಪತ್ರ ಹಾಗೂ ಅನುಬಂಧಗಳು
- ಬಿಲ್ಲುಗಳು ಮತ್ತು ಪಾವತಿಯ ರಸೀದಿಗಳು
- ದೂರು ಸಂಖ್ಯೆ, ದೂರು ನೀಡಿದ ಹಾಗೂ ದುರಸ್ತಿಯಾದ ದಿನಾಂಕ, ವೇಳೆ
- ಇ-ಮೇಲ್ ಪ್ರತಿಗಳು, ನೋಟೀಸು ಮತ್ತು ಸ್ವೀಕೃತಿ ಪತ್ರ
- ಕೆಲಸ ಸ್ಥಗಿತಗೊಂಡು ಉಂಟಾದ ನಷ್ಟದ ಲೆಕ್ಕಪತ್ರ

ಒಪ್ಪಂದಕ್ಕೆ ಸಹಿ ಮಾಡುವ ಮುನ್ನವೇ ದುರಸ್ತಿಯ ಗಡುವು, ಶುಲ್ಕ ಏರಿಕೆಯ ಮಿತಿ ಹಾಗೂ ಒಪ್ಪಂದ ಮುಗಿದ ನಂತರ ದತ್ತಾಂಶ ಹಿಂದಿರುಗಿಸುವ ವಿಧಾನವನ್ನು ಬರವಣಿಗೆಯಲ್ಲಿ ಸೇರಿಸಿಕೊಳ್ಳುವುದು ಹಿತಕರ. ಬಾಯಿಮಾತಿನ ಭರವಸೆಯನ್ನು ಮುಂದೆ ರುಜುವಾತುಪಡಿಸುವುದು ಕಷ್ಟಸಾಧ್ಯ.