ಈ ಕಲ್ಲುಗಳ ಅರ್ಥವೇನು? ಯಾದಗಿರಿ–ಶಹಾಪುರ–ಸುರಪುರ ಮಾರ್ಗದಲ್ಲಿ ಒಂದು ಚರಿತ್ರಾವಲೋಕನ

ಐರ್ಲೆಂಡಿನ ಗ್ರಾಮಸೀಮೆ ಹಾಗೂ ಕಡಲತೀರಗಳನ್ನು ಕಾಣಲು ಇಂದು ಜಗತ್ತಿನ ನಾನಾ ಕಡೆಗಳಿಂದ ಜನರು ಹೋಗುತ್ತಾರೆ. ಹತ್ತು ಹದಿನೈದು ಮಂದಿಯ ಚಿಕ್ಕ ಗುಂಪು ಒಂದು ಬಸ್ಸಿನಲ್ಲಿ ಕುಳಿತು ಬಾಯ್ನ್ ನದಿಯ ಕಣಿವೆಯ ನ್ಯೂಗ್ರೇಂಜ್ ಸಮಾಧಿ, ಬರೆನ್ ಪ್ರದೇಶದ ಪೌಲ್ನಬ್ರೋನ್ ಕಲ್ಮನೆ, ಗ್ಲೆಂಡಲೋಕ್ ಮತ್ತು ಕ್ಲೋನ್‌ಮ್ಯಾಕ್‌ನೋಯ್ಸ್ ಎಂಬ ಪ್ರಾಚೀನ ಮಠಗಳ ಅವಶೇಷ, ಮೋಹರ್ ಕಡಲಬಂಡೆಗಳು ಇವೆಲ್ಲವನ್ನೂ ಕೆಲವೇ ದಿನಗಳಲ್ಲಿ ನೋಡಿ ಬರುತ್ತದೆ. ಅಂತಹದೇ ಚಿಕ್ಕ ಗುಂಪಿನ ಪ್ರಯಾಣವೊಂದನ್ನು ನಮ್ಮ ಭೀಮಾ–ಕೃಷ್ಣಾ ನದಿಗಳ ನಡುವಣ ಸೀಮೆಯಲ್ಲಿ, ದೈವಶಾಸ್ತ್ರದ ವಿದ್ಯಾರ್ಥಿಗಳೊಡನೆ ಕೈಗೊಳ್ಳುವುದು ಉಚಿತವೆಂದು ನಾವು ಬಹುಕಾಲದಿಂದ ಹೇಳುತ್ತ ಬಂದಿದ್ದೇವೆ. ಈ ಎರಡು ದೂರದ ನಾಡುಗಳನ್ನು ಒಟ್ಟಿಗೆ ಹೆಸರಿಸುವುದು ಕೇವಲ ಕಲ್ಪನೆಯ ವಿಲಾಸವಲ್ಲ. ಸುರಪುರದ ಬೆಟ್ಟದ ಮೇಲೆ ಹನ್ನೆರಡು ವರ್ಷಗಳಷ್ಟು ಕಾಲ ವಾಸಿಸಿ, ಮುಂದೆ ಡಬ್ಲಿನ್ ನಗರದ ಅಂಚಿನಲ್ಲಿ ಮನೆ ಮಾಡಿ, ಇಲ್ಲಿನ ಕಲ್ಲುಗಳ ವೃತ್ತಾಂತವನ್ನು ಅಲ್ಲಿನ ವಿದ್ವಾಂಸರ ಮುಂದಿರಿಸಿದ ಒಬ್ಬ ವ್ಯಕ್ತಿ ಇವೆರಡನ್ನೂ ಜೋಡಿಸಿದ್ದಾರೆ. ಅವರೇ ಫಿಲಿಪ್ ಮೆಡೋಸ್ ಟೇಲರ್.

ಮಾರ್ಗ ಮತ್ತು ನೋಟ

ಯಾದಗಿರಿಯ ಕೋಟೆಬೆಟ್ಟದಿಂದ ಹೊರಟು ಭೀಮಾ ನದಿಯನ್ನು ದಾಟಿ ಪಶ್ಚಿಮಕ್ಕೆ ಸಾಗಿದರೆ ಶಹಾಪುರದ ಗುಡ್ಡಗಳು ಎದುರಾಗುತ್ತವೆ. ದೂರದಿಂದ ನೋಡುವವರಿಗೆ ಆ ಗುಡ್ಡಸಾಲು ಮಲಗಿರುವ ಬುದ್ಧನಂತೆ ತೋರುತ್ತದೆ. ಹಣೆ, ಮೂಗು, ಗದ್ದ, ಎದೆ ಎಲ್ಲವೂ ಸ್ಪಷ್ಟ. ಆದರೆ ಅದನ್ನು ಯಾರೂ ಕೆತ್ತಿದ್ದಲ್ಲ. ಬಂಡೆಗಳು ಬಂಡೆಗಳಾಗಿಯೇ ಇವೆ. ಬುದ್ಧನನ್ನು ಕೂಡಿಸಿಕೊಳ್ಳುವುದು ನಮ್ಮ ಕಣ್ಣು. ಈ ಪ್ರಯಾಣದಲ್ಲಿ ಕಲಿಯಬೇಕಾದ ಮೊದಲ ಪಾಠವನ್ನು ಈ ಗುಡ್ಡವೇ ಬೋಧಿಸುತ್ತದೆ: ಸಾದೃಶ್ಯವನ್ನು ಕಾಣುವುದು ಸುಲಭ, ಸಂಬಂಧವನ್ನು ಅರಿಯುವುದು ಕಷ್ಟ.

ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ದೊಡ್ಡ ಗುಂಡುಕಲ್ಲುಗಳನ್ನು ಸಾಲುಸಾಲಾಗಿ ಇರಿಸಿದ ಪ್ರಾಚೀನ ನೆಲೆಯಿದೆ. ಮುಂದೆ ಹುಣಸಗಿಯ ಕಡೆಗೆ ಹೋದರೆ ರಾಜನಕೋಳೂರಿನಲ್ಲಿ ಹಾಸುಬಂಡೆಗಳನ್ನು ಗೋಡೆಯಾಗಿ ನಿಲ್ಲಿಸಿ, ಮೇಲೊಂದು ಬಂಡೆಯನ್ನು ಮುಚ್ಚಿ ಕಟ್ಟಿದ ಕಲ್ಮನೆಗಳಿವೆ. ಇಂತಹವನ್ನು ಕಲ್ಯಾಣ ಕರ್ನಾಟಕದ ಜನರು ಮೋರೇರ ಮನೆಗಳೆಂದು ಕರೆಯುತ್ತಾರೆ. ಕುಳ್ಳ ದೇಹದ ಹಿಂದಿನ ಜನಾಂಗವೊಂದು ಅವುಗಳಲ್ಲಿ ಬಾಳಿತ್ತೆಂಬುದು ಜನಪದರ ನಂಬಿಕೆ. ಅದೇ ಸೀಮೆಯ ಇಸಾಂಪುರದಲ್ಲಿ ಆದಿಮಾನವರು ಶಿಲಾಯುಧಗಳನ್ನು ತಯಾರಿಸುತ್ತಿದ್ದ ನೆಲೆಯೂ, ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳ ಬೂದಿದಿಬ್ಬವೂ ಉತ್ಖನನಗೊಂಡಿವೆ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ಇಲ್ಲಿ ದುಡಿದು ಈ ನೆಲದ ಪ್ರಾಚೀನತೆಯನ್ನು ವಿದ್ವತ್ ಲೋಕಕ್ಕೆ ಪರಿಚಯಿಸಿದರು. ಹಿಂದುಳಿದ ಜಿಲ್ಲೆಯೆಂದು ನಾವು ಸುಲಭವಾಗಿ ಕರೆದುಬಿಡುವ ಯಾದಗಿರಿಯು ಮಾನವನ ನೆನಪಿನಲ್ಲಿ ಬಹಳ ಮುಂದಿರುವ ನಾಡಾಗಿದೆ.

ಟೇಲರರ ಎರಡು ಊಹೆಗಳು

ಟೇಲರರು 1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದರು. ಹದಿನೈದರ ಪ್ರಾಯದಲ್ಲಿ ಮುಂಬಯಿಯ ವರ್ತಕನೊಬ್ಬನ ಬಳಿ ಕೆಲಸಕ್ಕೆಂದು ಬಂದು, 1824ರಲ್ಲಿ ನಿಜಾಮರ ಸೈನ್ಯವನ್ನು ಸೇರಿದರು. 1841ರಲ್ಲಿ ಸುರಪುರದ ಅರಸ ಕೃಷ್ಣಪ್ಪ ನಾಯಕರು ತೀರಿಕೊಂಡ ಬಳಿಕ ಸಂಸ್ಥಾನದಲ್ಲಿ ಉತ್ತರಾಧಿಕಾರದ ಕಲಹವೆದ್ದಾಗ ಅವರನ್ನು ಅಲ್ಲಿಗೆ ಕಳುಹಿಸಲಾಯಿತು. ಆಡಳಿತದ ಬಿಡುವಿನಲ್ಲಿ ಅವರು ಸುರಪುರ, ಶಹಾಪುರ, ಜೇವರ್ಗಿ ಸೀಮೆಗಳ ಕಲ್ಮನೆಗಳನ್ನೂ ಕಲ್ಲುಗುಪ್ಪೆಗಳನ್ನೂ ಅಳೆದು, ಕೆಲವನ್ನು ಅಗೆಸಿ, ಪದರಪದರಗಳ ಚಿತ್ರ ಬರೆದರು. ಮುಂದಿನ ಶತಮಾನದಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರರು ಆ ಚಿತ್ರಗಳ ನಿಖರತೆಯನ್ನು ಕೊಂಡಾಡಿದರು. ಈ ಶ್ರದ್ಧೆ ಗೌರವಾರ್ಹ. ಟೇಲರರು ಕೈಯಿಂದ ಬರೆದ ಚಿತ್ರಗಳು ಇಂದಿಗೂ ನಿಲ್ಲುತ್ತವೆ.

ಅವರ ವ್ಯಾಖ್ಯಾನಗಳ ಮಾತು ಬೇರೆ. ರಾಜನಕೋಳೂರಿನ ಕಲ್ಮನೆಯನ್ನು ಕಂಡಾಗ ಅವರ ಕಣ್ಣಮುಂದೆ ಬಂದದ್ದು ಬ್ರಿಟನ್ ಮತ್ತು ಐರ್ಲೆಂಡಿನ ಕಲ್ಮನೆಗಳು. ಆಕಾರ ಒಂದೇ, ಆದುದರಿಂದ ಕಟ್ಟಿದ ಜನಾಂಗವೂ ಒಂದೇ ಮೂಲದ್ದಾಗಿರಬೇಕೆಂದು ಅವರು ತರ್ಕಿಸಿದರು. ಸಿಥಿಯನ್, ಕೆಲ್ಟಿಕ್, ಡ್ರೂಯಿಡ್ ಎಂಬ ಹೆಸರುಗಳನ್ನು ನಮ್ಮ ಕಲ್ಲುಗಳಿಗೆ ಅಂಟಿಸಿದರು. ಸ್ವದೇಶಕ್ಕೆ ಮರಳಿದ ಮೇಲೆ 1860ರ ದಶಕದಲ್ಲಿ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯ ಮೂಲಕ ಇದೇ ವಿಚಾರವನ್ನು ಪ್ರಕಟಿಸಿದರು. ಇಂದಿನ ಕಾಲಗಣನೆ ಈ ವಾದವನ್ನು ಒಪ್ಪುವುದಿಲ್ಲ. ನ್ಯೂಗ್ರೇಂಜ್ ಕ್ರಿಸ್ತಪೂರ್ವ 3200ರ ಸುಮಾರಿನದು. ದಕ್ಷಿಣ ಭಾರತದ ಬೃಹತ್ ಶಿಲಾಸಮಾಧಿಗಳು ಬಹುಮಟ್ಟಿಗೆ ಕ್ರಿಸ್ತಪೂರ್ವ ಮೊದಲ ಸಹಸ್ರಮಾನದ ಕಬ್ಬಿಣಯುಗಕ್ಕೆ ಸೇರಿದವು. ನಡುವೆ ಎರಡು ಸಾವಿರ ವರ್ಷಗಳ ಅಂತರವಿದೆ. ಸತ್ತವರನ್ನು ಮರೆಯಲಾರದ ಮನುಷ್ಯ, ತನ್ನ ಬಳಿ ಹಾಸುಬಂಡೆಯಿದ್ದರೆ, ಎಲ್ಲಿಯೇ ಆಗಲಿ ಮೂರು ಬಂಡೆ ನಿಲ್ಲಿಸಿ ಒಂದನ್ನು ಹೊದಿಸುತ್ತಾನೆ. ಸಾದೃಶ್ಯಕ್ಕೆ ವಲಸೆ ಬೇಕಿಲ್ಲ, ಶೋಕವಷ್ಟೇ ಸಾಕು.

ಎರಡನೆಯ ಊಹೆ ಇನ್ನೂ ಗಂಭೀರವಾದುದು. ಅಗೆದ ಸಮಾಧಿಗಳಲ್ಲಿ ಕೆಲವೆಡೆ ತಲೆಬುರುಡೆಗಳು ದೇಹದಿಂದ ಬೇರೆಯಾಗಿ ಸಿಕ್ಕವು, ಎಲುಬುಗಳು ಕ್ರಮತಪ್ಪಿ ಬಿದ್ದಿದ್ದವು. ಇದು ನರಬಲಿಯ ಕುರುಹೆಂದು ಟೇಲರರು ಬಗೆದರು. ಆದರೆ ಶವವನ್ನು ಮೊದಲು ಬೇರೆಡೆ ಇರಿಸಿ, ಕಾಲಾನಂತರದಲ್ಲಿ ಎಲುಬುಗಳನ್ನು ಮಾತ್ರ ಆಯ್ದು ತಂದು ಸಮಾಧಿ ಮಾಡುವ ಪದ್ಧತಿ ದಕ್ಷಿಣ ಭಾರತದ ಈ ಸಂಸ್ಕೃತಿಯಲ್ಲಿ ವ್ಯಾಪಕವಾಗಿತ್ತೆಂಬುದು ಈಗ ಸುವಿದಿತ. ಎಲುಬುಗಳು ಚದುರಿರುವುದಕ್ಕೆ ಕೊಲೆಯೇ ಕಾರಣವಾಗಬೇಕಿಲ್ಲ. ಎರಡು ಸಲ ಮಣ್ಣು ಮಾಡುವ ಅಕ್ಕರೆಯೂ ಕಾರಣವಾಗಬಹುದು. ಒಂದೇ ಗುಂಡಿಯನ್ನು ನೋಡಿ ಒಬ್ಬರು ಕ್ರೌರ್ಯವನ್ನು ಕಾಣಬಹುದು, ಇನ್ನೊಬ್ಬರು ಪಿತೃಭಕ್ತಿಯನ್ನು ಕಾಣಬಹುದು. ಯೆರೂಸಲೇಮಿನ ಸುತ್ತಲಿನ ಯೆಹೂದ್ಯರೂ ಪ್ರಭುಯೇಸುವಿನ ಕಾಲದಲ್ಲಿ ಎಲುಬುಗಳನ್ನು ಆಯ್ದು ಕಲ್ಲುಪೆಟ್ಟಿಗೆಗಳಲ್ಲಿ ಇರಿಸುತ್ತಿದ್ದರೆಂಬುದನ್ನು ನಾವು ತರಗತಿಯಲ್ಲಿ ಬೋಧಿಸುತ್ತೇವೆ. ಅದನ್ನು ಬರ್ಬರವೆಂದು ಯಾರೂ ಕರೆಯುವುದಿಲ್ಲ. ಅನ್ಯರ ಆಚರಣೆಯನ್ನು ಅದರ ಅತ್ಯಂತ ಕರಾಳ ಸಾಧ್ಯತೆಯಿಂದಲೂ ನಮ್ಮದನ್ನು ಅದರ ಅತ್ಯುನ್ನತ ಆದರ್ಶದಿಂದಲೂ ಅಳೆಯುವ ಪ್ರವೃತ್ತಿ ಪಂಡಿತರಲ್ಲಿಯೂ ಇತ್ತು, ಬೋಧಕರಲ್ಲಿಯೂ ಇತ್ತು. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದೇನನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಸಾರಿದ್ದು ಈ ಪ್ರವೃತ್ತಿಗೆ ಕಡಿವಾಣವಾಗಿಯೇ.

‘ಅಪ್ಪ’ ಎಂಬ ಸಂಬೋಧನೆ

ಸುರಪುರದ ಚರಿತ್ರೆ ಬೇಡ ನಾಯಕರ ಶೌರ್ಯದ ಚರಿತ್ರೆ. 1705ರಲ್ಲಿ ಮುದಿವಯಸ್ಸಿನ ಔರಂಗಜೇಬನೇ ದಂಡೆತ್ತಿ ಬಂದು ವಾಗಿನಗೇರಿ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಬಿದ್ದರೂ ಪೀಡ್ಯಾ ನಾಯಕರು ಅವನ ಕೈಗೆ ಸಿಗಲಿಲ್ಲ. ಆ ವಂಶದ ಬಾಲಕ ವೆಂಕಟಪ್ಪ ನಾಯಕರ ಪಾಲನೆ, ವಿದ್ಯಾಭ್ಯಾಸಗಳ ಹೊಣೆ ಟೇಲರರ ಮೇಲೆ ಬಿತ್ತು. ಅವರು ಸಾಲದಲ್ಲಿದ್ದ ಸಂಸ್ಥಾನದ ಕಂದಾಯವನ್ನು ಸರಿಪಡಿಸಿದರು, ಕೆರೆಗಳ ಕೆಲಸಕ್ಕೆ ಗಮನ ಕೊಟ್ಟರು. ಸುರಪುರದ ಬೆಟ್ಟದ ಮೇಲೆ ಅವರು ಕಟ್ಟಿಸಿದ ಮನೆ ‘ಟೇಲರ್ ಮಂಜಿಲ್’ ಎಂಬ ಹೆಸರಿನಿಂದ ಇಂದಿಗೂ ಗುರುತಾಗುತ್ತದೆ. ಬಾಲಕ ಅರಸನು ಅವರನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದನು.

1853ರಲ್ಲಿ ಪ್ರಾಪ್ತವಯಸ್ಕನಾದ ಅರಸನಿಗೆ ರಾಜ್ಯವನ್ನು ಒಪ್ಪಿಸಿ ಟೇಲರರು ನಳದುರ್ಗಕ್ಕೆ ತೆರಳಿದರು. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದರು. ಕದನದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಅರಸರು ಹೈದರಾಬಾದಿನಲ್ಲಿ ಸೆರೆಸಿಕ್ಕರು. ಟೇಲರರು ಸೆರೆಯಲ್ಲಿದ್ದ ಅವರನ್ನು ಕಂಡರು. ಮರಣದಂಡನೆ ಇಳಿದು ಗಡಿಪಾರಾಯಿತು, ಗಡಿಪಾರು ಇಳಿದು ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಬಂಧನವಾಯಿತು. ಆದರೆ ಅಲ್ಲಿಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಆ ತರುಣ ಅರಸರು ಪ್ರಾಣಬಿಟ್ಟರು. 1860ರಲ್ಲಿ ಸುರಪುರವನ್ನು ನಿಜಾಮರಿಗೆ ಕೊಡಲಾಯಿತು. ಟೇಲರರು ತಮ್ಮ ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ದುಃಖದಿಂದ ಬರೆದಿದ್ದಾರೆ. ಆ ದುಃಖ ನಟನೆಯಲ್ಲ. ಸುರಪುರದ ಜನರೋ ತಮ್ಮ ಅರಸರನ್ನು ಸ್ವಾತಂತ್ರ್ಯದ ಹುತಾತ್ಮರೆಂದು ನೆನೆಯುತ್ತಾರೆ.

ಗುರುಮಠದವರು ಈ ಕಥೆಯನ್ನು ಕೇವಲ ರಾಜಕೀಯ ಚರಿತ್ರೆಯೆಂದು ಓದಿ ಮುಂದೆ ಸಾಗಬಾರದು. ಟೇಲರರಲ್ಲಿ ಪ್ರೀತಿಯ ಕೊರತೆಯಿರಲಿಲ್ಲ, ಜ್ಞಾನದ ಕೊರತೆಯಿರಲಿಲ್ಲ, ಭಾಷೆಯ ಕೊರತೆಯೂ ಇರಲಿಲ್ಲ. ಆದರೂ ಅವರು ‘ಅಪ್ಪ’ನಾಗಿದ್ದದ್ದು ಇನ್ನೊಬ್ಬರು ಕೊಟ್ಟ ಅಧಿಕಾರದಿಂದ. ಮಗ ತನ್ನ ಇಚ್ಛೆಯಂತೆ ನಡೆದ ದಿನ ಆ ಅಧಿಕಾರ ಫಿರಂಗಿಯಾಗಿ ಎದುರು ನಿಂತಿತು. ಅಪ್ಪನ ಪ್ರೀತಿ ಶಿಕ್ಷೆಯನ್ನು ತಗ್ಗಿಸಬಲ್ಲುದಾಗಿತ್ತೇ ಹೊರತು ಸಂಕೋಲೆಯನ್ನು ಬಿಚ್ಚಬಲ್ಲುದಾಗಿರಲಿಲ್ಲ. ನಮ್ಮನ್ನೂ ಜನರು ‘ಫಾದರ್’ ಎಂದು, ‘ಸ್ವಾಮಿ’ ಎಂದು ಕರೆಯುತ್ತಾರೆ. ಶಾಲೆಯ ಬೀಗದಕೈ, ವಿದ್ಯಾರ್ಥಿವೇತನದ ಪಟ್ಟಿ, ಶಿಫಾರಸು ಪತ್ರ ನಮ್ಮ ಕೈಯಲ್ಲಿರುವಾಗ ಆ ಸಂಬೋಧನೆಯಲ್ಲಿ ಪ್ರೀತಿ ಎಷ್ಟು, ಅವಲಂಬನೆ ಎಷ್ಟು ಎಂಬುದನ್ನು ಪರೀಕ್ಷಿಸಿಕೊಳ್ಳುವ ಕರ್ತವ್ಯ ನಮ್ಮದು. ಭೂಮಿಯ ಮೇಲೆ ಯಾರನ್ನೂ ತಂದೆಯೆಂದು ಕರೆಯಬೇಡಿರೆಂಬ ಪ್ರಭುವಿನ ಎಚ್ಚರಿಕೆ ಶಬ್ದವನ್ನು ಕುರಿತದ್ದಕ್ಕಿಂತ ಮಿಗಿಲಾಗಿ ಈ ಒಡೆತನವನ್ನು ಕುರಿತದ್ದು.

ಇನ್ನೊಂದು ಬಗೆಯ ಪ್ರಯಾಣ

ಐರ್ಲೆಂಡಿನ ಚರಿತ್ರೆಯೇ ಇದಕ್ಕೆ ಬೇರೊಂದು ಮಾದರಿಯನ್ನು ಒದಗಿಸುತ್ತದೆ. ಸಂತ ಪ್ಯಾಟ್ರಿಕ್ ಹದಿಹರೆಯದಲ್ಲಿ ದಾಸನಾಗಿ ಅಲ್ಲಿಗೆ ಒಯ್ಯಲ್ಪಟ್ಟವರು. ತಪ್ಪಿಸಿಕೊಂಡು ಬಂದ ಬಳಿಕ, ತಮ್ಮನ್ನು ದುಡಿಸಿಕೊಂಡ ಜನರ ನಡುವೆಯೇ ಶುಭಸಂದೇಶವನ್ನು ಸಾರಲು ಸ್ವಇಚ್ಛೆಯಿಂದ ಮರಳಿದರು. ಕೊರೋಟಿಕಸ್ ಎಂಬ ಕ್ರೈಸ್ತ ನಾಯಕನ ಸೈನಿಕರು ತಮ್ಮ ಹೊಸ ದೀಕ್ಷಿತರನ್ನು ಕೊಂದು, ಉಳಿದವರನ್ನು ಗುಲಾಮರನ್ನಾಗಿ ಒಯ್ದಾಗ ಪ್ಯಾಟ್ರಿಕ್ ಬರೆದ ಪತ್ರ ಉಳಿದುಬಂದಿದೆ. ಅದರಲ್ಲಿ ಅವರು ಶಸ್ತ್ರಧಾರಿ ಸ್ವಧರ್ಮೀಯರ ಪಕ್ಷವನ್ನು ಹಿಡಿಯದೆ, ಸೆರೆಯಾದ ಐರಿಷ್ ಜನರ ಪಕ್ಷದಲ್ಲಿ ನಿಂತರು. ಅವರ ಬಳಿಕ ಸಂತ ಕೊಲುಂಬ 563ರಲ್ಲಿ ಅಯೋನ ದ್ವೀಪಕ್ಕೂ, ಸಂತ ಕೊಲುಂಬಾನುಸ್ ಯೂರೋಪಿನ ಒಳನಾಡಿಗೂ ಹೊರಟರು. ಕ್ರಿಸ್ತನಿಗಾಗಿ ಪರದೇಶಿಯಾಗುವುದೇ ಅವರ ತಪಸ್ಸಾಗಿತ್ತು. ಪರದೇಶಿಗೆ ಭೂಮಿಯಿಲ್ಲ, ಬಂಧುಗಳಿಲ್ಲ, ರಕ್ಷಣೆಯಿಲ್ಲ. ಅವನು ಅತಿಥೇಯರ ದಯೆಯಿಂದ ಬಾಳುತ್ತಾನೆ.

ಟೇಲರರು ಸುರಪುರದಲ್ಲಿ ಅತಿಥಿಯಾಗಲಿಲ್ಲ, ಆಗುವ ಅವಕಾಶವೂ ಅವರ ಹುದ್ದೆಗೆ ಇರಲಿಲ್ಲ. ನಾವಾದರೋ ಈ ಸೀಮೆಯಲ್ಲಿ ಅತಿಥಿಗಳಾಗಿಯೇ ಇರಬಲ್ಲೆವು. ಕಲಬುರಗಿ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 2005ರಲ್ಲಿ. ನಮ್ಮ ಸಂಖ್ಯೆ ಚಿಕ್ಕದು. ಈ ಚಿಕ್ಕತನವನ್ನು ಕೊರತೆಯೆಂದು ಭಾವಿಸದೆ, ಕೇಳಿಸಿಕೊಳ್ಳುವ ಅನುಕೂಲವೆಂದು ತಿಳಿಯಬೇಕು. ಜೇಡರ ದಾಸಿಮಯ್ಯನವರ ಮುದನೂರು ಈ ಸೀಮೆಯಲ್ಲಿದೆ. ನೇಯುವ ಕಾಯಕವನ್ನೇ ಸಾಧನೆಯಾಗಿಸಿದವರು ಅವರು. ಕೃಷ್ಣೆಯ ತೀರದ ತಿಂಥಣಿಯಲ್ಲಿ ಮೌನೇಶ್ವರರ ಸನ್ನಿಧಿಗೆ ಹಿಂದೂಗಳೂ ಮುಸಲ್ಮಾನರೂ ಬರುತ್ತಾರೆ. ಇವನ್ನು ನೋಡಲು ಹೋಗುವ ಗುರುಮಠದ ಸಹೋದರರಿಗೆ ನಾವು ಮೂರು ನಿಯಮಗಳನ್ನು ಹೇಳುತ್ತೇವೆ. ಮೊದಲನೆಯದು, ಕಲ್ಲಿಗೆ ಆ ಊರಿನವರು ಇಟ್ಟ ಹೆಸರನ್ನು ಮೊದಲು ಕೇಳಿ ಬರೆದುಕೊಳ್ಳಬೇಕು. ಗ್ರಂಥದ ಹೆಸರು ಅನಂತರ. ಎರಡನೆಯದು, ನಮ್ಮಲ್ಲಿರುವುದಕ್ಕೆ ಹೋಲುವ ಆಚರಣೆ ಕಂಡರೆ ಅದನ್ನು ನಮ್ಮದೆಂದು ಸೇರಿಸಿಕೊಳ್ಳುವ ಮುನ್ನ ತಡೆಯಬೇಕು. ಮೂರನೆಯದು, ಅರ್ಥವಾಗದ ಆಚರಣೆಗೆ ಕೆಟ್ಟ ಅರ್ಥವನ್ನು ಆರೋಪಿಸುವ ಮುನ್ನ ಅದನ್ನು ಆಚರಿಸುವವರೊಡನೆ ಮಾತಾಡಬೇಕು. ಟೇಲರರು ಅಗೆದ ಸಮಾಧಿಯವರು ಉತ್ತರ ಹೇಳುವ ಸ್ಥಿತಿಯಲ್ಲಿರಲಿಲ್ಲ. ನಾವು ಭೇಟಿಯಾಗುವವರು ಹೇಳಬಲ್ಲರು.

ಇಸ್ರಯೇಲರು ಯೊರ್ದನ್ ಹೊಳೆಯನ್ನು ದಾಟಿ ಹನ್ನೆರಡು ಕಲ್ಲುಗಳನ್ನು ನಿಲ್ಲಿಸಿದಾಗ, ಮುಂದೆ ಮಕ್ಕಳು ಅವುಗಳ ಅರ್ಥವನ್ನು ಕೇಳುವರೆಂದೂ ಹಿರಿಯರು ಹೇಳಬೇಕೆಂದೂ ಯೆಹೋಶುವ ತಿಳಿಸಿದನು. ಅಲ್ಲಿ ಕೇಳುವವರು ಆ ಮನೆಯ ಮಕ್ಕಳು, ಹೇಳುವವರು ಆ ಮನೆಯ ಹಿರಿಯರು. ವಿಭೂತಿಹಳ್ಳಿಯ ಸಾಲುಗಲ್ಲುಗಳ ಮುಂದೆ ನಾವು ಹಿರಿಯರ ಸ್ಥಾನದಲ್ಲಿಲ್ಲ. ಕೇಳುವ ಮಕ್ಕಳ ಸ್ಥಾನವೇ ನಮಗೆ ತಕ್ಕುದು.