ನಾಲಂದೆಯಲ್ಲಿ ಅನ್ಯದೇಶೀಯ ವಿದ್ಯಾರ್ಥಿಗಳು

ಏಳನೆಯ ಶತಮಾನದಲ್ಲಿ ನಾಲಂದೆಗೆ ಬಂದು ಓದಿದ ಚೀನೀ ಭಿಕ್ಷುಗಳ ವಿಷಯವನ್ನು ಬರೆಯುವವರು ಸಾಮಾನ್ಯವಾಗಿ ಹ್ಯೂಯೆನ್‌ತ್ಸಾಂಗನ ಚರಿತೆಯನ್ನೇ ಆಧಾರವಾಗಿಟ್ಟುಕೊಳ್ಳುವರು. ಆದರೆ ಶೀಲಭದ್ರಾಚಾರ್ಯನ ಶಿಷ್ಯತ್ವವನ್ನೂ, ದಿನವಹಿ ಮಹಾಶಾಲಿ ಅಕ್ಕಿಯನ್ನೂ, ಸವಾರಿಗೆ ಆನೆಯನ್ನೂ ಪಡೆದಿದ್ದ ಆತನು ವಿಹಾರದ ಗೌರವಾತಿಥಿಯೇ ಹೊರತು ಸಾಮಾನ್ಯ ವಿದ್ಯಾರ್ಥಿಯಲ್ಲ. ಸಾಮಾನ್ಯನ ಕಷ್ಟಸುಖಗಳನ್ನರಿಯಲು ಇತ್ಸಿಂಗನ ಗ್ರಂಥಗಳೇ ಹೆಚ್ಚು ಉಪಯುಕ್ತವಾದವು. ವಿಹಾರವಾಸಿಗಳ ಸಂಖ್ಯೆಯನ್ನು ಹ್ಯೂಯೆನ್‌ತ್ಸಾಂಗನ ಚರಿತಕಾರನು 10,000 ಎಂದರೆ, ಅಲ್ಲಿ ಸುಮಾರು 10 ವರ್ಷ ನೆಲಸಿದ್ದ ಇತ್ಸಿಂಗನು 3,000ಕ್ಕೆ ಮೇಲ್ಪಟ್ಟು ಎನ್ನುತ್ತಾನೆ, ಎರಡನೆಯದೇ ಗ್ರಾಹ್ಯ.

ಅನ್ಯದೇಶೀಯನಿಗೆ ಮೊದಲ ತೊಡಕು ಭಾಷೆ. ಹ್ಯೂಯೆನ್‌ತ್ಸಾಂಗನೇ ಹೇಳುವಂತೆ, ಹೊರಗಿನಿಂದ ಬಂದವರನ್ನು ದ್ವಾರದಲ್ಲಿಯೇ ಪ್ರಶ್ನಿಸುತ್ತಿದ್ದರು; ಹತ್ತು ಮಂದಿಯಲ್ಲಿ ಏಳೆಂಟು ಮಂದಿ ಸೋತು ಮರಳುತ್ತಿದ್ದರು. ಕ್ರಿ. ಶ. 671ರಲ್ಲಿ ಕ್ಯಾಂಟನ್ನಿನಿಂದ ಹಡಗು ಹತ್ತಿದ ಇತ್ಸಿಂಗನು ನೇರವಾಗಿ ನಾಲಂದೆಗೆ ಬರಲಿಲ್ಲ. ಸುಮಾತ್ರದ ಶ್ರೀವಿಜಯದಲ್ಲಿ 6 ತಿಂಗಳು ನಿಂತು ಶಬ್ದವಿದ್ಯೆಯನ್ನು ಕಲಿತನು. 673ರಲ್ಲಿ ತಾಮ್ರಲಿಪ್ತಿಯಲ್ಲಿ ಇಳಿದ ಮೇಲೆಯೂ ಸಂಸ್ಕೃತಾಭ್ಯಾಸಕ್ಕಾಗಿ ಒಂದು ವರ್ಷ ಅಲ್ಲಿಯೇ ತಂಗಿದನು. ಭರತಖಂಡಕ್ಕೆ ಹೊರಡುವ ಚೀನೀಯರು ಶ್ರೀವಿಜಯದಲ್ಲಿ ಒಂದೆರಡು ವರ್ಷ ಅಭ್ಯಾಸಮಾಡಿ ಮುಂದುವರಿಯುವುದು ಲೇಸೆಂದು ಆತನು ಬುದ್ಧಿ ಹೇಳಿರುವುದು ಸ್ವಾನುಭವದ ಮಾತು. ಇಲ್ಲಿಯ ಬಾಲಕನು 8ನೆಯ ವಯಸ್ಸಿನಲ್ಲಿ ಪಾಣಿನಿಯ ಸೂತ್ರಗಳಿಗೆ ತೊಡಗಿ 8 ತಿಂಗಳಲ್ಲಿ ಕಂಠಪಾಠ ಮಾಡುವನೆಂದು ಆತನೇ ಬರೆದಿದ್ದಾನೆ. ಹಾಗೆ ಬೆಳೆದವರ ನಡುವೆ, ನಲವತ್ತರ ಸಮೀಪದಲ್ಲಿದ್ದ ಪರದೇಶಿಯು ವಾದಕ್ಕೆ ನಿಲ್ಲಬೇಕಾಗಿದ್ದಿತು!

ಇನ್ನೊಂದು ತೊಡಕು ವಸತಿಯದು. ಬೇರೆ ದೇಶದವರಿಗೆ ತಮ್ಮ ತಮ್ಮ ವಿಹಾರಗಳಿರಲು, ಚೀನೀಯರಿಗೆ ಮಾತ್ರ ಒಂದೂ ಇಲ್ಲದೆ ಬಂದುಹೋಗುವವರು ಬವಣೆಪಡುವರೆಂದು ಇತ್ಸಿಂಗನು ಕೊರಗಿದ್ದಾನೆ. ಪೂರ್ವದಲ್ಲಿ ಶ್ರೀಗುಪ್ತನೆಂಬ ಅರಸನು ಚೀನೀಯರಿಗಾಗಿ ಕಟ್ಟಿಸಿ 24 ಗ್ರಾಮಗಳನ್ನು ಬಿಟ್ಟಿದ್ದ ವಿಹಾರವೊಂದರ ಇಟ್ಟಿಗೆಯ ತಳಹದಿ ಮಾತ್ರ ಆಗ ಉಳಿದಿದ್ದಿತಂತೆ. (ಈತನು ಗುಪ್ತವಂಶದ ಮೂಲಪುರುಷನೇ ಎಂಬ ವಿವಾದವು ಪ್ರಕೃತಕ್ಕೆ ಅನಾವಶ್ಯಕ.)

ಇತ್ಸಿಂಗನು 713ರಲ್ಲಿ ತೀರಿಕೊಂಡನು. ಅನಂತರ ಒಂದು ಶತಮಾನಕ್ಕೂ ಮೇಲೆ, ಸುವರ್ಣದ್ವೀಪದ ಅರಸನಾದ ಬಾಲಪುತ್ರದೇವನು ನಾಲಂದೆಯಲ್ಲಿ ವಿಹಾರವೊಂದನ್ನು ಕಟ್ಟಿಸಿ, ದೂತನ ಮುಖಾಂತರ ಬಿನ್ನವಿಸಿಕೊಳ್ಳಲು, ಪಾಲರಾಜನಾದ ದೇವಪಾಲನು ಅದಕ್ಕೆ 5 ಗ್ರಾಮಗಳನ್ನು ದತ್ತಿಬಿಟ್ಟನು. 1921ರಲ್ಲಿ ಅಲ್ಲಿಯ ಉತ್ಖನನದಲ್ಲಿ ದೊರೆತ ತಾಮ್ರಶಾಸನವು ಇದಕ್ಕೆ ಸಾಕ್ಷಿ. ಭಿಕ್ಷುಗಳ ಅನ್ನ, ವಸ್ತ್ರ, ಹಾಸಿಗೆ, ರೋಗಿಗಳ ಔಷಧ, ಧರ್ಮಗ್ರಂಥಗಳ ಪ್ರತಿಲೇಖನ, ಜೀರ್ಣೋದ್ಧಾರ ಇವು ದತ್ತಿಯ ಉದ್ದೇಶಗಳು. ಶಾಸನವು ನಾಲ್ಕು ದಿಕ್ಕುಗಳ ಭಿಕ್ಷುಸಂಘವನ್ನು ಹೆಸರಿಸುವುದರಿಂದ ಆ ವಿಹಾರವು ದ್ವೀಪವಾಸಿಗಳಿಗೆ ಮಾತ್ರ ಮೀಸಲಾಗಿದ್ದಿತೆನ್ನಲಾಗದು. ಚೀನೀ ಭಿಕ್ಷುವಿಗೂ ಅಲ್ಲಿ ಹಾಸಿಗೆಯೊಂದು ದೊರೆಯುತ್ತಿದ್ದಿತೆಂದು ಊಹಿಸಲು ಅಡ್ಡಿಯಿಲ್ಲ.