ಕೊನೆಯ ಅಧ್ಯಾಯ ಬರೆಯಲಾಗದೆ ಹೋದಾಗ

ಭಾಂಡುಪಿನ ಎಲ್.ಬಿ.ಎಸ್. ಮಾರ್ಗದ ಉದ್ದಕ್ಕೂ ಒಂದು ಕಾಲಕ್ಕೆ ಕಾರ್ಖಾನೆಗಳಿದ್ದವು. ಅವುಗಳಲ್ಲೊಂದರಲ್ಲಿ ದುಡಿಯಲು ಅಪ್ಪ ಕುಂದಾಪುರದ ಕಡೆಯಿಂದ ಬಂದರು. ಅವರ ಬದುಕನ್ನು ಕಾದಂಬರಿ ಮಾಡಬೇಕೆಂದು ಎರಡು ವರ್ಷದಿಂದ ಒದ್ದಾಡುತ್ತಿದ್ದೇನೆ. ಆಫೀಸಿನ ಅಭ್ಯಾಸದಂತೆ ಮೊದಲು ಕೊನೆಯನ್ನು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಅಧ್ಯಾಯಗಳನ್ನು ಹಂಚಿದೆ. ಎಕ್ಸೆಲ್ ಹಾಳೆಯ ಕಡೇ ಸಾಲು: ‘ನಾಯಕ ಊರಿಗೆ ಮರಳುತ್ತಾನೆ.’ ಬರೆಯಲು ಕೂತರೆ ಆ ಅಧ್ಯಾಯವೊಂದೇ ಮುಂದಕ್ಕೆ ಹೋಗಲೊಲ್ಲದು.

ನಮ್ಮ ಹಿರಿಯ ಕಾದಂಬರಿಕಾರರು ಏನು ಮಾಡಿದ್ದರು ಎಂದು ಹುಡುಕತೊಡಗಿದೆ.

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರದ್ದು. ಅದರ ಇನ್ನೊಂದು ಹೆಸರು ‘ಸದ್ಧರ್ಮ ವಿಜಯವು’. ಗೆಲುವು ಯಾರದೆಂದು ಹೆಸರೇ ಹೇಳಿಬಿಡುತ್ತದೆ! ಆದರೂ ವಿಧವೆಯ ಮರುಮದುವೆ ಅಂದಿನ ಸಮಾಜದಲ್ಲಿ ಹೇಗೆ ಸಾಧ್ಯವಾದೀತು ಎಂಬ ಕುತೂಹಲ ಉಳಿದೇ ಇರುತ್ತದೆ. ಕೊನೆ ಗೊತ್ತಿದ್ದ ಮಾತ್ರಕ್ಕೆ ಕಥೆ ಸಪ್ಪೆಯಾಗುವುದಿಲ್ಲ.

ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಚೋಮನ ಬಳಿ ಎತ್ತುಗಳಿವೆ, ಉಳಲು ಹೊಲವಿಲ್ಲ. ದುಃಖವಾದಾಗಲೆಲ್ಲ ಬಾರಿಸುತ್ತಿದ್ದ ದುಡಿಯನ್ನೇ ಬಾರಿಸುತ್ತ ಕೊನೆಗೆ ಸಾಯುತ್ತಾನೆ. ಹೊಸದಾಗಿ ಏನನ್ನೂ ತಂದು ಸೇರಿಸಿಲ್ಲ. ಮೊದಲಿಂದ ಕೇಳಿಸುತ್ತಿದ್ದ ಸದ್ದು ನಿಲ್ಲುತ್ತದೆ, ಅಷ್ಟೆ.

ನನಗೆ ನಿಜವಾಗಿ ಪಾಠ ಕಲಿಸಿದ್ದು ಕಾರಂತರದೇ ‘ಮರಳಿ ಮಣ್ಣಿಗೆ’. ಮೂರನೆಯ ತಲೆಮಾರಿನ ರಾಮ ಪಟ್ಟಣ ಸುತ್ತಿ ಕಡಲ ದಂಡೆಯ ಊರಿಗೆ ಮರಳುತ್ತಾನೆ. ನನ್ನ ಯೋಜನೆಯೂ ಅದೇ ತಾನೆ? ಆದರೆ ಪಾರೋತಿ, ಸರಸೋತಿ, ನಾಗವೇಣಿ ಎಂಬ ಹೆಂಗಸರು ಆ ಮನೆಗಾಗಿ, ಆ ಮಣ್ಣಿಗಾಗಿ ಜೀವ ತೇದದ್ದನ್ನು ನಾವು ನೂರಾರು ಪುಟ ಓದಿರುತ್ತೇವೆ. ರಾಮ ಮರಳುವುದು ಅವರು ಉಳಿಸಿಕೊಟ್ಟ ಮಣ್ಣಿಗೆ. ನನ್ನ ಹಾಳೆಯಲ್ಲಿ ಊರು ಇದ್ದದ್ದು ಮೊದಲ ಮತ್ತು ಕೊನೆಯ ಅಧ್ಯಾಯದಲ್ಲಿ ಮಾತ್ರ.

ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಯಶವಂತ ಚಿತ್ತಾಲರು ಇನ್ನೊಂದು ದಾರಿ ತೋರಿಸಿದರು. 1979ರ ‘ಶಿಕಾರಿ’ಯ ನಾಗಪ್ಪ ದೊಡ್ಡ ಕಂಪನಿಯ ಅಧಿಕಾರಿ, ತಪ್ಪೇನೆಂದೇ ತಿಳಿಯದೆ ಅಮಾನತಾಗುತ್ತಾನೆ. ಉತ್ತರ ಕನ್ನಡದ ಬಾಲ್ಯ ಅವನನ್ನು ಕಾಡುತ್ತದೆ, ನಿಜ. ಆದರೆ ಕಥೆಯ ಗಂಟು ಇರುವುದು ಮುಂಬಯಿಯಲ್ಲಿ. ಬೆನ್ನಟ್ಟಿದವರು ಯಾರು ಎಂಬ ಪ್ರಶ್ನೆ ಬರಬರುತ್ತ, ಈ ಬೇಟೆಯ ನಡುವೆ ತಾನು ಎಂಥ ಮನುಷ್ಯ ಎಂಬ ಪ್ರಶ್ನೆಯಾಗುತ್ತದೆ.

ಅಪ್ಪ ಪ್ರತಿ ಮಳೆಗಾಲಕ್ಕೂ “ಬರುವ ವರ್ಷ ಊರಿಗೆ ಹೋಗಿಬಿಡುವ” ಎನ್ನುತ್ತಿದ್ದರು. ಭಾಂಡುಪಿನಲ್ಲೇ ತೀರಿಕೊಂಡರು. ಅವರನ್ನು ಊರಿಗೆ ಕಳುಹಿಸಿದ್ದು ನಾನು, ನನ್ನ ಸಮಾಧಾನಕ್ಕೆ. ಕೊನೆಯ ಅಧ್ಯಾಯ ಏಳದಿದ್ದರೆ ದೋಷ ಅಲ್ಲಿರುವುದಿಲ್ಲ, ನಡುವಿನ ಅಧ್ಯಾಯಗಳಲ್ಲಿರುತ್ತದೆ ಎಂಬುದು ಈಗ ಅರ್ಥವಾಗಿದೆ.

ಕಡೇ ಸಾಲನ್ನು ಅಳಿಸಿದ್ದೇನೆ. ಪಾಳಿ ಮುಗಿಸಿ, ಬುತ್ತಿಡಬ್ಬಿ ಹಿಡಿದು, ಸ್ಟೇಷನ್ ರಸ್ತೆಯಲ್ಲಿ ನಡೆದು ಬರುವ ಅಪ್ಪನಿಂದ ಮತ್ತೆ ಶುರುಮಾಡಬೇಕು.